ಸೊಂಟಕ್ಕೆ ಯಾವ .32? ರಿವಾಲ್ವರೋ, ಪಿಸ್ತೂಲೋ

ದಿನಾ ಅಂಗಿಯ ಕೆಳಗೆ ಮುಚ್ಚಿಟ್ಟು ಓಡಾಡುವುದಕ್ಕೆ ನನ್ನ ಆಯ್ಕೆ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವ .32 ಬೋರಿನ (ಬೋರ್ ಅಂದರೆ ನಳಿಗೆಯ ಒಳ ಅಗಲದ ಅಳತೆ, ಇಲ್ಲಿ ಇಂಚಿನಲ್ಲಿ) ರಿವಾಲ್ವರ್. ಅದರ ಜೊತೆಗಿಟ್ಟು ಬಳಸಿ ನೋಡಿದ್ದು ಎರಡನ್ನು: ನಡುವೆ ಮಡಚಿ ತೆರೆಯುವ ಹಳೆಯ ವಿನ್ಯಾಸದ .32 ರಿವಾಲ್ವರ್ ಮತ್ತು .32 ಎಂದೇ ಕರೆಯುವ 7.65 ಮಿ.ಮೀ. ಪಿಸ್ತೂಲು. ಕೈಗೆ ಹಿತವಾಗಿ ಕೂರುವುದು ಪಿಸ್ತೂಲೇ. ಆದರೂ ಅದನ್ನು ಕೊಳ್ಳಿ ಅನ್ನಲಾರೆ.

ಅಂತರ್ಜಾಲದಲ್ಲಿ ಸಿಗುವ ಹೋಲಿಕೆಗಳಲ್ಲಿ ಮುಕ್ಕಾಲು ಪಾಲು ಅಮೆರಿಕದ 9 ಮಿ.ಮೀ. ಪಿಸ್ತೂಲುಗಳ ಬಗ್ಗೆ. ನಮ್ಮಲ್ಲಿ 9 ಮಿ.ಮೀ. ನಿಷೇಧಿತ ಬೋರ್, ಸಾಮಾನ್ಯ ಪರವಾನಗಿಯಲ್ಲಿ ಸಿಗುವುದಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡೇ ಬಂದೂಕು. ತೋಟದ ಮನೆಯಲ್ಲಿ ಒಂದು ಜೋಡಿ ನಳಿಗೆ ಕೋವಿ ಇದ್ದರೆ ಉಳಿಯುವುದು ಒಂದೇ ಜಾಗ, ಹಾಗಾಗಿ ತಪ್ಪು ಆಯ್ಕೆ ದುಬಾರಿ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೆ 2029ರವರೆಗೆ ಪರವಾನಗಿಯಿಂದ ವಿನಾಯಿತಿ ಇದೆ. ಉಳಿದವರೆಲ್ಲ ಜಿಲ್ಲಾಧಿಕಾರಿಗೋ ಪೊಲೀಸ್ ಕಮಿಷನರಿಗೋ ಅರ್ಜಿ ಹಾಕಿಯೇ ಪಡೆಯಬೇಕು. ಇನ್ನೊಂದು ಮಾತು. ಮುಚ್ಚಿಟ್ಟುಕೊಳ್ಳುವುದು ಇಲ್ಲಿ ಇಷ್ಟಾನಿಷ್ಟದ ವಿಷಯವಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಹೋಲ್‌ಸ್ಟರ್‌ನಲ್ಲೇ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲಿರಬೇಕು.

ಪಿಸ್ತೂಲು ತೆಳ್ಳಗಿರುತ್ತದೆ, ಬೆನ್ನಿಗೆ ಒತ್ತುವುದಿಲ್ಲ, ಒಂದೆರಡು ತೋಟಾ ಹೆಚ್ಚು ಹಿಡಿಯುತ್ತದೆ. ಹೊಡೆತದ ಬಲದಲ್ಲಿ ರಿವಾಲ್ವರಿಗೂ ಅದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಪಿಸ್ತೂಲಿನ ತೊಂದರೆ ಇರುವುದು ತೋಟಾದ ಬುಡದಲ್ಲಿ.

7.65 ಬ್ರೌನಿಂಗ್ ತೋಟಾ ಹುಟ್ಟಿದ್ದು 1899ರ ಹೊತ್ತಿಗೆ. ಅದಕ್ಕೆ ಅರ್ಧ ರಿಮ್ ಇದೆ. ತೋಟಾದ ಮೈ ಸುಮಾರು 8.5 ಮಿ.ಮೀ. ದಪ್ಪ, ರಿಮ್ ಸುಮಾರು 9.1. ಅಂದರೆ ಸುತ್ತಲೂ ಕಾಲು ಮಿ.ಮೀ.ಗಿಂತ ತುಸು ಹೆಚ್ಚು ಹೊರಚಾಚಿದ ಅಂಚು. ಮ್ಯಾಗಜಿನ್‌ನಲ್ಲಿ, ಅಂದರೆ ಹಿಡಿಯೊಳಗೆ ತೂರಿಸುವ ತೋಟಾ ಪೆಟ್ಟಿಗೆಯಲ್ಲಿ, ಮೇಲಿನ ತೋಟಾದ ರಿಮ್ ಕೆಳಗಿನದಕ್ಕಿಂತ ಮುಂದೆ ಕೂತಿದ್ದರೆ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಭಾಗ) ಅದನ್ನು ಸಲೀಸಾಗಿ ಮುಂದೆ ತಳ್ಳುತ್ತದೆ. ಹಿಂದೆ ಕೂತಿದ್ದರೆ ಕೆಳಗಿನ ರಿಮ್ಮಿಗೆ ಸಿಕ್ಕಿಕೊಳ್ಳುತ್ತದೆ. ಆಗ ಎರಡೂ ಅಲುಗುವುದಿಲ್ಲ. ಸ್ಲೈಡ್ ಅರ್ಧಕ್ಕೆ ನಿಲ್ಲುತ್ತದೆ.

ಬೇರೆ ಅಡಚಣೆಗಳಿಗೆ ಎಲ್ಲರೂ ಕಲಿಯುವ ಉಪಾಯ ಮ್ಯಾಗಜಿನ್ ಬುಡಕ್ಕೆ ತಟ್ಟಿ ಸ್ಲೈಡ್ ಎಳೆಯುವುದು. ಇಲ್ಲಿ ಅದು ನಡೆಯುವುದಿಲ್ಲ. ತಟ್ಟಿದಷ್ಟೂ ರಿಮ್ ಬಿಗಿಯಾಗುತ್ತದೆ. ಮ್ಯಾಗಜಿನ್ ಹೊರಗೆಳೆದು ಇನ್ನೊಂದನ್ನು ತೂರಿಸುವುದೊಂದೇ ದಾರಿ. ಸಿಕ್ಕಿಕೊಂಡ ಮ್ಯಾಗಜಿನ್ನನ್ನು ಆಮೇಲೆ ಮೇಜಿನ ಮೇಲಿಟ್ಟು, ಮರದ ಅಥವಾ ಪ್ಲಾಸ್ಟಿಕ್ಕಿನ ಕಡ್ಡಿಯಿಂದ ಕೆಳಗಿನ ತೋಟಾದ ಮೈಯನ್ನು ಒತ್ತಿ ಬಿಡಿಸಬೇಕು. ಕಬ್ಬಿಣದ ಮೊನೆ ಬೇಡ, ಪ್ರೈಮರ್ (ತೋಟಾ ಹೊತ್ತಿಸುವ ಕಿಡಿಮದ್ದು) ಇರುವ ಬುಡಕ್ಕೆ ಏನನ್ನೂ ತಾಗಿಸಬೇಡಿ.

ಮುನ್ನೆಚ್ಚರಿಕೆ ಇದೆ. ತುಂಬುವಾಗ ಪ್ರತಿ ತೋಟಾದ ರಿಮ್ ಕೆಳಗಿನದಕ್ಕಿಂತ ಮುಂದೆ ಬರುವಂತೆ ಜಾರಿಸಿ ಕೂರಿಸಿ, ಪಕ್ಕದ ತೂತುಗಳಲ್ಲಿ ರಿಮ್ಮುಗಳು ಮೆಟ್ಟಿಲಿನಂತೆ ಕಾಣುತ್ತವೆಯೇ ನೋಡಿ. ತೋಟಾದ ಉದ್ದವನ್ನೂ ಅಳೆಯಿರಿ. ಈ ತೋಟಾಕ್ಕೆ ನಿಗದಿಯಾದ ಗರಿಷ್ಠ ಉದ್ದ 25 ಮಿ.ಮೀ.; ಅದಕ್ಕೆ ಹತ್ತಿರವಿದ್ದರೆ ಮ್ಯಾಗಜಿನ್‌ನೊಳಗೆ ಹಿಂದೆಮುಂದೆ ಸರಿಯಲು ಜಾಗ ಕಡಿಮೆ. ಗಿಡ್ಡ ಗುಂಡಿನ ತೋಟಾ ಹಾಕಿದರೆ ಒಳಗೆ ಜಾಗ ಉಳಿಯುತ್ತದೆ, ಪ್ರತಿ ಹೊಡೆತದ ಒದೆತಕ್ಕೆ ತೋಟಾಗಳು ಜರುಗಿ, ಸರಿಯಾಗಿ ತುಂಬಿದ್ದ ಮ್ಯಾಗಜಿನ್ನೂ ಮಧ್ಯದಲ್ಲಿ ಕೈಕೊಡುತ್ತದೆ. ವಾರವಾರ ರೇಂಜಿಗೆ ಹೋಗಿ ನೂರಾರು ಗುಂಡು ಹಾರಿಸುವವರಿಗೆ ಇದು ಅಭ್ಯಾಸದ ಮಾತು. ನಮ್ಮ ಜಿಲ್ಲೆಗಳಲ್ಲಿ ರೇಂಜು ಎಷ್ಟಿವೆ? ವರ್ಷಕ್ಕೆ ಖರೀದಿಸಬಹುದಾದ ತೋಟಾಗಳಿಗೂ ಪರವಾನಗಿಯಲ್ಲೇ ಮಿತಿ ಬರೆದಿರುತ್ತದೆ. ಅಪರೂಪಕ್ಕೆ ಅಭ್ಯಾಸ ಮಾಡುವ ಕೈಗೆ, ಗಾಬರಿಯ ಹೊತ್ತಿನಲ್ಲಿ ಮ್ಯಾಗಜಿನ್ ಬದಲಿಸಿಯೇ ಬಿಡಿಸಬೇಕಾದ ಅಡಚಣೆ ಇರುವ ಆಯುಧ ಹೊಂದುವುದಿಲ್ಲ.

ಹಳೆಯ ವಿನ್ಯಾಸದ ಚಿಕ್ಕ ಪಿಸ್ತೂಲುಗಳಲ್ಲಿ ಪ್ರೈಮರಿಗೆ ಬಡಿಯುವ ಫೈರಿಂಗ್ ಪಿನ್ನಿಗೆ ಪ್ರತ್ಯೇಕ ತಡೆ ಇರುವುದಿಲ್ಲ. ಅಂಥದ್ದನ್ನು ಚೇಂಬರ್ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ಖಾಲಿಯಿಟ್ಟೇ ಒಯ್ಯಬೇಕು. ಬೇಕಾದಾಗ ಸ್ಲೈಡ್ ಎಳೆಯಲು ಎರಡು ಕೈ ಬೇಕು, ಒಂದು ಕೈಯಲ್ಲಿ ಮಗು ಇದ್ದರೆ ಏನು ಮಾಡುತ್ತೀರಿ?

ಅಂಗಡಿಯಲ್ಲಿ ತೋಟಾ ಕೊಳ್ಳುವಾಗ ಬರೀ “ಮೂವತ್ತೆರಡು” ಅನ್ನಬೇಡಿ. ರಿವಾಲ್ವರಿನದು .32 ಎಸ್ ಅಂಡ್ ಡಬ್ಲ್ಯೂ ಲಾಂಗ್, ಪಿಸ್ತೂಲಿನದು 7.65 ಮಿ.ಮೀ. ಪಿಸ್ತೂಲಿನ ತೋಟಾ ಕೆಲವು ರಿವಾಲ್ವರುಗಳ ಸಿಲಿಂಡರ್‌ನಲ್ಲಿ ಕೂತೂ ಬಿಡುತ್ತದೆ. ಅದರ ಒತ್ತಡದ ಮಿತಿ 20,500 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ರಿವಾಲ್ವರಿನ ತೋಟಾದ್ದು 15,000. ಅದಲುಬದಲು ಮಾಡಬಾರದು.

ಇನ್ನು ಮಡಚಿ ತೆರೆಯುವ ರಿವಾಲ್ವರ್. ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ 2014ರಲ್ಲಿ ತಂದ ನಿರ್ಭೀಕ್ ಈ ಜಾತಿಯದು: ಟೈಟೇನಿಯಂ ಮಿಶ್ರಲೋಹ, ತೂಕ ಸುಮಾರು 500 ಗ್ರಾಂ, ಬಿಡುಗಡೆಯ ಬೆಲೆ 1.22 ಲಕ್ಷ ರೂಪಾಯಿ. ತೂಕದ ವಿಷಯದಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ಈ ವಿನ್ಯಾಸದ ಎಲ್ಲ ರಿವಾಲ್ವರುಗಳಲ್ಲೂ ಮಡಚುವ ಕೀಲು, ಮೇಲಿನ ಚಿಲಕ ಇವೆರಡೇ ನಳಿಗೆಯನ್ನು ಹಿಡಿದಿಡುವುದು. ಕೊಳ್ಳುವ ಮುನ್ನ, ಅದರಲ್ಲೂ ಹಳೆಯದನ್ನು ಕೊಳ್ಳುವ ಮುನ್ನ, ಸಿಲಿಂಡರ್ ಖಾಲಿ ಎಂದು ಕಣ್ಣಿಂದಲೂ ಬೆರಳಿಂದಲೂ ಖಾತರಿ ಮಾಡಿಕೊಂಡು, ಚಿಲಕ ಹಾಕಿ ನಳಿಗೆಯನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಸಡಿಲ ಕಂಡರೆ ಬಿಟ್ಟುಬಿಡಿ. ಖಾಲಿ ಕೋಶ ಹೊರಹಾಕುವಾಗ ಒಂದೇ ಎಳೆತಕ್ಕೆ ಪೂರ್ತಿ ಮಡಚಬೇಕು. ನಿಧಾನಕ್ಕೆ ಮಡಚಿದರೆ ಒಂದು ಕೋಶ ಅವನ್ನು ಹೊರಗೆತ್ತುವ ನಕ್ಷತ್ರಾಕಾರದ ಎಕ್ಸ್‌ಟ್ರ್ಯಾಕ್ಟರಿನ ಅಡಿಗೆ ಜಾರಿ, ರಿವಾಲ್ವರ್ ಮತ್ತೆ ಮುಚ್ಚುವುದೇ ಇಲ್ಲ.

ಪಕ್ಕಕ್ಕೆ ತೆರೆಯುವ ಮಾದರಿಯಲ್ಲಿ ಆ ಕೀಲೂ ಇಲ್ಲ, ಚಿಲಕವೂ ಇಲ್ಲ. ಚೌಕಟ್ಟು ಒಂದೇ ತುಂಡು. ದೇಶದಲ್ಲೇ ತಯಾರಾಗುವುದರಲ್ಲಿ 2023ರ ಆಗಸ್ಟಿನಲ್ಲಿ ಬಂದ ಪ್ರಬಲ್ ಇಂಥದ್ದು. ಕಾನ್ಪುರದ ಸರ್ಕಾರಿ ಕಂಪನಿ ಎಡಬ್ಲ್ಯೂಇಐಎಲ್ ತಯಾರಿಕೆ, ತೋಟಾ ಬಿಟ್ಟು 700 ಗ್ರಾಂ, ನಳಿಗೆ 76 ಮಿ.ಮೀ., ಒಟ್ಟು ಉದ್ದ 177.6 ಮಿ.ಮೀ. ಖಾಲಿ ಮಾಡುವಾಗ ನಳಿಗೆ ಆಕಾಶಕ್ಕೆ, ಖಾಲಿ ಕೋಶ ಹೊರದಬ್ಬುವ ರಾಡಿಗೆ ಅಂಗೈಯಿಂದ ಒಂದು ಗಟ್ಟಿ ಹೊಡೆತ. ತುಂಬುವಾಗ ನಳಿಗೆ ನೆಲಕ್ಕೆ. ಇಷ್ಟೇ ಕಲಿಯಬೇಕಾದದ್ದು. ಸಿನಿಮಾದವರಂತೆ ಮಣಿಕಟ್ಟು ಜಾಡಿಸಿ ಸಿಲಿಂಡರ್ ಮುಚ್ಚಿದರೆ ಅದನ್ನು ಹೊತ್ತ ತೋಳು ಬಾಗುತ್ತದೆ, ಹೆಬ್ಬೆರಳಿಂದ ಒತ್ತಿ ಮುಚ್ಚಿ. ಒಂದು ತೋಟಾ ಸಿಡಿಯದಿದ್ದರೆ ಟ್ರಿಗರ್ ಇನ್ನೊಮ್ಮೆ ಎಳೆದರಾಯಿತು, ಮುಂದಿನದು ಬರುತ್ತದೆ. ಆರೇ ಗುಂಡು ಎಂಬ ಕೊರಗು ನನಗಿಲ್ಲ. ಯಾವ ರಿವಾಲ್ವರ್ ಕೊಂಡರೂ ಹ್ಯಾಮರ್ ಬ್ಲಾಕ್ (ಟ್ರಿಗರ್ ಎಳೆಯದೆ ಹ್ಯಾಮರಿನ ಬಡಿತ ತೋಟಾಕ್ಕೆ ತಲುಪದಂತೆ ತಡೆಯುವ ಭಾಗ) ಇದೆಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಇಲ್ಲದಿದ್ದರೆ ಹ್ಯಾಮರ್ ಕೆಳಗಿನ ಕೋಣೆ ಖಾಲಿ ಬಿಟ್ಟು ಐದೇ ತುಂಬಿ.

ಸಿಲಿಂಡರ್ ದಪ್ಪ, ಅಂಗಿಯಲ್ಲಿ ಉಬ್ಬುತ್ತದೆ ಎನ್ನುವವರಿದ್ದಾರೆ. ಅಂಗಿಯಲ್ಲಿ ಮೂಡುವುದು ಹೆಚ್ಚಾಗಿ ಹಿಡಿಯ ತುದಿ, ಸಿಲಿಂಡರ್ ಅಲ್ಲ. ಅದು ಬೆಲ್ಟಿನ ಮಟ್ಟದಲ್ಲೋ ಕೆಳಗೋ ಅಡಗಿರುತ್ತದೆ. ಹೋಲ್‌ಸ್ಟರ್ ಸೊಂಟದ ಪಕ್ಕದ ಮೂಳೆಗಿಂತ ತುಸು ಹಿಂದೆ, ಸ್ವಲ್ಪ ಮುಂದಕ್ಕೆ ವಾಲಿಕೊಂಡಿದ್ದು, ಒಂದೂವರೆ ಇಂಚಿನ ಬಿಗಿ ಬೆಲ್ಟ್ ಇದ್ದರೆ 700 ಗ್ರಾಂ ಗೊತ್ತಾಗುವುದಿಲ್ಲ. ಪಂಚೆ ಉಟ್ಟ ದಿನ ಒಯ್ಯಬೇಡಿ. ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚದ ಹೋಲ್‌ಸ್ಟರ್ ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಬೇಡ.

ಮಲೆನಾಡು, ಕರಾವಳಿಯವರಿಗೆ ಚರ್ಮದ ಹೋಲ್‌ಸ್ಟರ್ ಮಳೆಗಾಲದಲ್ಲಿ ಶತ್ರು. ಚರ್ಮ ಬೆವರನ್ನೂ ತೇವವನ್ನೂ ಹೀರಿ ಹಿಡಿದಿಡುತ್ತದೆ, ಕಪ್ಪು ಬಣ್ಣದ ಉಕ್ಕಿನ ಮೇಲೆ ಕಿತ್ತಳೆ ಚುಕ್ಕೆ ಮೊದಲು ಏಳುವುದು ಮೈಗೆ ತಾಗುವ ಕಡೆ. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಟ್ಟ ತೋಟಾದ ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ರಾತ್ರಿ ಬಂದೂಕನ್ನು ಹೋಲ್‌ಸ್ಟರ್‌ನಿಂದ ತೆಗೆದು, ಖಾಲಿ ಮಾಡಿ, ಬಟ್ಟೆಗೆ ಎರಡು ಮೂರು ಹನಿ ಗನ್ ಆಯಿಲ್ ಹಾಕಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬೀಗದ ಪೆಟ್ಟಿಗೆಯಲ್ಲಿಡಿ. ಕೊಬ್ಬರಿ ಎಣ್ಣೆ ಬೇಡ, ಅದು ಒಳಗೆ ಅಂಟಾಗಿ ಗಟ್ಟಿಯಾಗುತ್ತದೆ. ತೋಟಾಗಳಿಗೆ ಎಣ್ಣೆ ತಾಗಿಸಬೇಡಿ. ಪ್ರೈಮರಿನೊಳಗೆ ಇಳಿದರೆ ಅದು ಸಿಡಿಯದೇ ಹೋಗಬಹುದು. ಬೆವರಿಗೆ ನಾನು ಹೇಳುವುದು ಕೈಡೆಕ್ಸ್ ಪ್ಲಾಸ್ಟಿಕ್ಕಿನ ಹೋಲ್‌ಸ್ಟರ್. ನೀರು ಹೀರುವುದಿಲ್ಲ, ಆಕಾರ ಬಿಡುವುದಿಲ್ಲ.

ಆಮದಾದ ಹಳೆಯ ಪಿಸ್ತೂಲುಗಳ ಆಸೆ ಬೇಡ. ಕೇಳುವ ಬೆಲೆಗೆ ತಳಬುಡವಿಲ್ಲ, ಮ್ಯಾಗಜಿನ್ ಸ್ಪ್ರಿಂಗ್ ಸೋತರೆ ಬಿಡಿಭಾಗಕ್ಕೆ ಊರೂರು ಅಲೆಯಬೇಕು.

ತಿಂಗಳಿಗೊಮ್ಮೆ ರೇಂಜು, ಬಿಡಿ ಮ್ಯಾಗಜಿನ್ನಿಗೆ ಹಣ, ತೆಳ್ಳನೆಯ ಇಸ್ತ್ರಿ ಅಂಗಿ: ಇವು ನಿಮ್ಮ ದಿನಚರಿಯಾಗಿದ್ದರೆ ಪಿಸ್ತೂಲು ಕೊಳ್ಳಿ, ಎರಡನೆಯ ಮ್ಯಾಗಜಿನ್ ಜೊತೆಗೇ ಇರಲಿ. ಅರ್ಧ ಕಿಲೋಗಿಂತ ಹೆಚ್ಚು ಹೊರಲಾರದವರಿಗೆ ಮಡಚುವ ಹಗುರ ರಿವಾಲ್ವರ್. ಮಳೆಯ ಊರಿನಲ್ಲಿದ್ದು, ಅಂಗಿ ಹೊರಬಿಟ್ಟು ತೊಟ್ಟು, ಅಪರೂಪಕ್ಕೆ ಅಭ್ಯಾಸ ಮಾಡುವವರು ಪಕ್ಕಕ್ಕೆ ತೆರೆಯುವ ರಿವಾಲ್ವರನ್ನೇ ತೆಗೆದುಕೊಳ್ಳಿ. ಜೊತೆಗೆ ಅಭ್ಯಾಸಕ್ಕೆಂದೇ ಮಾಡಿದ, ಮದ್ದಿಲ್ಲದ ಆರು ನಕಲಿ ತೋಟಾ ಕೊಂಡು, ನಿಜವಾದವನ್ನು ಬೇರೆ ಕೋಣೆಯಲ್ಲಿಟ್ಟು, ಭಾರದ ಟ್ರಿಗರನ್ನು ಗುರಿ ಅಲುಗದಂತೆ ಕೊನೆಯವರೆಗೆ ಎಳೆಯುವುದನ್ನು ರೂಢಿಸಿಕೊಳ್ಳಿ.