ರೀಲೋಡಿಂಗ್ ಪ್ರೆಸ್‌ಗೆ ಕೈಯಾರೆ ಜೋಡಿಸಿದ ಕ್ಯಾಮೆರಾ: ದೀರ್ಘ ಬಳಕೆಯ ವಿಮರ್ಶೆ

ಪ್ರೊಗ್ರೆಸಿವ್ ಪ್ರೆಸ್‌ನಲ್ಲಿ, ಅಂದರೆ ಒಂದೊಂದು ಎಳೆತಕ್ಕೂ ಹಲವು ಹಂತಗಳು ಒಟ್ಟಿಗೆ ನಡೆಯುವ ಯಂತ್ರದಲ್ಲಿ, ಬಳಸಿದ ತೋಟಾ ಮತ್ತೆ ತುಂಬುವವರನ್ನು ಕಾಡುವ ಪ್ರಶ್ನೆ ಒಂದೇ: ಈ ಕೇಸಿನೊಳಗೆ (ತೋಟಾದ ಹಿತ್ತಾಳೆ ಕೊಳವೆಯೊಳಗೆ) ಮದ್ದು ಬಿದ್ದಿದೆಯೇ, ಬಿದ್ದಿದ್ದರೆ ಒಂದೇ ಸಲ ಬಿದ್ದಿದೆಯೇ? ಮದ್ದು ಬೀಳದಿದ್ದರೆ ಪ್ರೈಮರ್‌ನ (ಮದ್ದಿಗೆ ಬೆಂಕಿ ಹೊತ್ತಿಸಲು ಕೇಸಿನ ತಳದಲ್ಲಿರುವ ಪುಟ್ಟ ಸಿಡಿಬಟ್ಟಲಿನ) ಬಲವೊಂದೇ ಗುಂಡನ್ನು ತಳ್ಳಿ ನಳಿಕೆಯ ನಡುವೆ ಸಿಕ್ಕಿಸಿಬಿಡಬಹುದು. ಅದನ್ನು ಗಮನಿಸದೆ ಇನ್ನೊಂದು ಸುತ್ತು ಹಾರಿಸಿದರೆ ನಳಿಕೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಎರಡು ಸಲ ಬಿದ್ದಿದ್ದರೆ ಮೊದಲ ಸುತ್ತಿಗೇ ಬಂದೂಕು ಒಡೆಯಬಹುದು. ಈ ಒಂದು ಪ್ರಶ್ನೆಗೆ ಉತ್ತರ ಬೇಕೆಂದೇ ನಾನು ಪ್ರೆಸ್‌ನ ಮೇಲೆ ಕ್ಯಾಮೆರಾ ಕೂರಿಸಿದ್ದು. ಉತ್ತರ ಸಿಕ್ಕಿದೆ. ಆದರೆ ಅದನ್ನು ಕೊಡಿಸಿದ್ದು ಕ್ಯಾಮೆರಾಕ್ಕಿಂತ ಹೆಚ್ಚಾಗಿ ಬೆಳಕು. ಆದ್ದರಿಂದ ಈ ಬರಹದ ಬಹುಪಾಲು ಬೆಳಕಿನ ಕುರಿತೇ ಇದೆ.

ನನ್ನದು ಐದು ಸ್ಟೇಷನ್‌ಗಳ (ಕೆಲಸದ ಹಂತಗಳ), ಹ್ಯಾಂಡಲ್ ಎಳೆದಂತೆ ಶೆಲ್ ಪ್ಲೇಟ್ (ಕೇಸ್‌ಗಳನ್ನು ಹಿಡಿದಿಡುವ ತಟ್ಟೆ) ತಾನಾಗಿಯೇ ತಿರುಗುವ ಪ್ರೆಸ್. ಎರಡನೆಯ ಸ್ಟೇಷನ್‌ನಲ್ಲಿ ಮದ್ದು ಬೀಳುತ್ತದೆ, ನಾಲ್ಕನೆಯದರಲ್ಲಿ ಗುಂಡು ಕೂರುತ್ತದೆ. ನಡುವಿನ ಮೂರನೆಯ ಸ್ಟೇಷನ್‌ನಲ್ಲಿ ಸಾಮಾನ್ಯವಾಗಿ ಮದ್ದಿನ ಮಟ್ಟ ನೋಡುವ ಡೈ (ಪ್ರೆಸ್‌ನ ಮೇಲ್ಭಾಗದ ರಂಧ್ರಕ್ಕೆ ತಿರುಪಿ ಕೂರಿಸುವ ಉಪಕರಣ) ಹಾಕುತ್ತಾರೆ. ಆರ್‌ಸಿಬಿಎಸ್ ಕಂಪನಿಯ ಲಾಕ್ ಔಟ್ ಡೈ ಮಟ್ಟದಲ್ಲಿ ದೊಡ್ಡ ಏರುಪೇರು ಕಂಡರೆ ಪ್ರೆಸ್ಸನ್ನೇ ತಡೆದು ನಿಲ್ಲಿಸುತ್ತದೆ. ಹಾರ್ನಡಿ ಕಂಪನಿಯ ಪೌಡರ್ ಕಾಪ್ ಒಂದು ಕಡ್ಡಿಯನ್ನು ಮೇಲೆತ್ತಿ ಮಟ್ಟವನ್ನು ತೋರಿಸುತ್ತದೆ. ಎರಡೂ ಒಳ್ಳೆಯವೇ. ನಾನು ಆ ಜಾಗವನ್ನು ಖಾಲಿ ಬಿಟ್ಟು, ಡೈ ಕೂರುವ ರಂಧ್ರದ ಮೂಲಕ ಕ್ಯಾಮೆರಾ ನೇರವಾಗಿ ಕೆಳಗೆ ನೋಡುವಂತೆ ಮಾಡಿದ್ದೇನೆ. ಡೈಗಳ ಥ್ರೆಡ್ ಬಹುತೇಕ 7/8 ಇಂಚಿನದೇ ಆಗಿರುವುದರಿಂದ ರಂಧ್ರದ ಅಗಲ ಸುಮಾರು 22 ಮಿ.ಮೀ. ಇರುತ್ತದೆ, ಮತ್ತು ಇಣುಕಿ ನೋಡಲು ಅಷ್ಟು ಸಾಕು. ಪಕ್ಕದಿಂದ ಓರೆಯಾಗಿ ನೋಡುವ ಜೋಡಣೆ ಸುಲಭ, ಆದರೆ ಉದ್ದ ಕೇಸ್‌ಗಳಲ್ಲಿ ಅದು ಸೋಲುತ್ತದೆ. 9 ಮಿ.ಮೀ. ಲೂಗರ್ ಕೇಸಿನ ಉದ್ದ 19.15 ಮಿ.ಮೀ.; .38 ಸ್ಪೆಷಲ್ ಕೇಸಿನದು ಸುಮಾರು 29.3 ಮಿ.ಮೀ., ಬಾಯಿಯ ಅಗಲ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಕಪ್ಪು ಮದ್ದಿನ ಕಾಲದಲ್ಲಿ ಹುಟ್ಟಿದ ಈ ಉದ್ದನೆಯ ಕೇಸಿನಲ್ಲಿ ಇಂದಿನ ಹೊಗೆರಹಿತ ಮದ್ದು ತಳದಲ್ಲಿ ಒಂದಿಷ್ಟು ಮಾತ್ರ ನಿಲ್ಲುತ್ತದೆ. ಎರಡು ಪಟ್ಟು ಬಿದ್ದರೂ ಅದು ಹೊರಗೆ ಚೆಲ್ಲುವುದಿಲ್ಲ. ಹಾಗಾಗಿ ಅಪಾಯ ಹೆಚ್ಚು, ಓರೆ ನೋಟಕ್ಕೆ ತಳವೂ ಕಾಣದು.

ಮೊದಲು ಹಾಕಿದ್ದು ಪೆನ್ಸಿಲ್ ದಪ್ಪದ ಅಗ್ಗದ ಎಂಡೋಸ್ಕೋಪ್ ಕ್ಯಾಮೆರಾ. ಅದರ ಮೇಲೆ ನನಗಿರುವ ಬೇಸರ ಇನ್ನೂ ಪೂರ್ತಿ ಆರಿಲ್ಲ. ತುದಿಯಲ್ಲಿ ಉಂಗುರದಂತೆ ಜೋಡಿಸಿದ ಎಲ್‌ಇಡಿಗಳು ಹಿತ್ತಾಳೆಯ ಒಳಗೋಡೆಗೆ ಬಡಿದು, ಒಂದರೊಳಗೊಂದು ಬಿಳಿ ಬಳೆಗಳನ್ನು ಎಬ್ಬಿಸುತ್ತವೆ. ಆ ಹೊಳಪನ್ನು ಕಂಡ ಕ್ಯಾಮೆರಾ ತಾನಾಗಿಯೇ ಎಕ್ಸ್‌ಪೋಶರ್ ಇಳಿಸುತ್ತದೆ, ನೋಡಬೇಕಾದ ಮದ್ದು ಕಪ್ಪು ಹೊಂಡವಾಗಿಬಿಡುತ್ತದೆ. ಮುಂದಿನ ಕೇಸ್ ಸ್ವಲ್ಪ ಮಾಸಿದ್ದರೆ ಅದೇ ಕ್ಯಾಮೆರಾ ಎಕ್ಸ್‌ಪೋಶರ್ ಏರಿಸಿ ಬೂದಿ ಬಣ್ಣದ ಮಸುಕನ್ನು ತೋರಿಸುತ್ತದೆ. ಖಾಲಿ ಕೇಸ್ ಮತ್ತು ತುಂಬಿದ ಕೇಸ್ ಎರಡೂ ಒಂದೇ ರೀತಿ ಕಂಡರೆ ಆ ಪರದೆಯಿಂದ ಉಪಯೋಗವೇನು? ಎಕ್ಸ್‌ಪೋಶರ್ ಅನ್ನು ಕೈಯಿಂದ ಕಟ್ಟಿಹಾಕಬಹುದಾಗಿತ್ತು, ನಿಜ. ಆದರೆ ಯುಎಸ್‌ಬಿ ತಂತಿ ಬಿಚ್ಚಿ ಹಾಕಿದರೆ ಎಲ್ಲವೂ ಅಳಿಸಿಹೋಗಿ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತಿತ್ತು. ಸುರಕ್ಷತೆಗಾಗಿ ಇಟ್ಟ ಸಾಧನ ಪ್ರತಿದಿನ ತನ್ನ ಪಾಠ ಮರೆಯುವುದನ್ನು ನಾನು ಸಣ್ಣ ದೋಷವೆಂದು ಒಪ್ಪಲಾರೆ.

ಈಗ ಇರುವುದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮತ್ತು ಅದರ ಕ್ಯಾಮೆರಾ ಮಾಡ್ಯೂಲ್ 3. 2023ರಲ್ಲಿ ಬಂದ ಈ 12 ಮೆಗಾಪಿಕ್ಸೆಲ್ ಮಾಡ್ಯೂಲ್‌ನ ಸಾಮಾನ್ಯ ಲೆನ್ಸ್ ಸುಮಾರು 10 ಸೆಂ.ಮೀ.ವರೆಗೆ ಹತ್ತಿರದ ವಸ್ತುವಿಗೆ ಫೋಕಸ್ ಆಗುತ್ತದೆ. ಟೂಲ್‌ಹೆಡ್‌ನ (ಡೈಗಳು ಕೂರುವ ಮೇಲ್ಭಾಗದ) ಮೇಲಿನಿಂದ, ಹ್ಯಾಂಡಲ್ ಮೇಲಿದ್ದಾಗ ಕೆಳಗೆ ನಿಂತ ಕೇಸಿನ ಬಾಯಿಯವರೆಗಿನ ಅಂತರ ನನ್ನ ಪ್ರೆಸ್‌ನಲ್ಲಿ ಅದಕ್ಕಿಂತ ತುಸು ಹೆಚ್ಚು, ಆದ್ದರಿಂದ ಸರಿಹೊಂದಿತು. ಆಟೋಫೋಕಸ್ ಅನ್ನು ಮಾತ್ರ ಕಡ್ಡಾಯವಾಗಿ ಆರಿಸಬೇಕು. ಇಲ್ಲದಿದ್ದರೆ ಶೆಲ್ ಪ್ಲೇಟ್ ತಿರುಗಿದಾಗಲೆಲ್ಲ ಲೆನ್ಸ್ ಹಿಂದೆ ಮುಂದೆ ಓಡಾಡುತ್ತದೆ. ಕೇಸಿನ ಬಾಯಿ ಚಿತ್ರದ ಸಣ್ಣ ಪಾಲು ಮಾತ್ರ, ಆದರೆ ಪಿಕ್ಸೆಲ್‌ಗಳು ಧಾರಾಳವಾಗಿರುವುದರಿಂದ ನಡುಭಾಗವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿ ನೋಡುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ ಶಟರ್ ಸಮಯ, ಗೇನ್ (ಬೆಳಕಿನ ಸಂಕೇತವನ್ನು ಹಿಗ್ಗಿಸುವ ಪ್ರಮಾಣ), ಬಣ್ಣದ ಸಮತೋಲನ, ಲೆನ್ಸ್ ಸ್ಥಾನ ನಾಲ್ಕನ್ನೂ ಆರಂಭದ ಆದೇಶದಲ್ಲೇ ಬರೆದಿಟ್ಟರೆ, ವಿದ್ಯುತ್ ಹೋಗಿ ಬಂದರೂ ಚಿತ್ರ ನಿನ್ನೆ ಇದ್ದಂತೆಯೇ ಇರುತ್ತದೆ.

ಬೆಳಕಿನ ವಿಷಯದಲ್ಲಿ ನಾನು ಕಂಡುಕೊಂಡದ್ದು ಇಷ್ಟು. ಮೇಜಿನ ದೀಪ ಎಷ್ಟೇ ಪ್ರಖರವಾಗಿದ್ದರೂ ಪಕ್ಕದಿಂದ ಬರುವ ಅದರ ಬೆಳಕು ಕೇಸಿನ ಮೇಲಿನ ಗೋಡೆಯಲ್ಲೇ ನಿಂತುಬಿಡುತ್ತದೆ, ತಳಕ್ಕೆ ಇಳಿಯುವುದಿಲ್ಲ. ಬೆಳಕು ಕ್ಯಾಮೆರಾದ ನೋಟದ ದಿಕ್ಕಿನಲ್ಲೇ, ಆದಷ್ಟು ಅದರ ಹತ್ತಿರದಿಂದಲೇ ಬರಬೇಕು, ಆದರೆ ಮಂದವಾಗಿರಬೇಕು. ಟೂಲ್‌ಹೆಡ್‌ನ ಕೆಳಬದಿಯಲ್ಲಿ ರಂಧ್ರದ ಸುತ್ತ ಎಲ್‌ಇಡಿ ಪಟ್ಟಿ ಅಂಟಿಸಿ, ಮೇಲೆ ಟ್ರೇಸಿಂಗ್ ಕಾಗದದ ಒಂದು ಪದರ ಮುಚ್ಚಿದ ಮೇಲೆ ಬಿಳಿ ಬಳೆಗಳು ಕರಗಿ, ಮದ್ದಿನ ಕಣಗಳು ಒಂದೊಂದಾಗಿ ಬಿಡಿಸಿ ಕಾಣತೊಡಗಿದವು. ಚಪ್ಪಟೆ ಬಿಲ್ಲೆಗಳಂತಹ ಕಣಗಳ ಅಂಚು, ಅವುಗಳ ಗ್ರಾಫೈಟ್ ಲೇಪದ ಬೂದು ಹೊಳಪು, ಗೋಡೆಗೆ ಅಂಟಿ ನಿಂತ ಒಂದೆರಡು ಕಣ, ಎಲ್ಲವೂ. ಬೆಳಕನ್ನು ತಗ್ಗಿಸಲು ಮಿಟುಕಿಸಿ ಮಂದ ಮಾಡುವ ಡಿಮ್ಮರ್ ಬಳಸಬಾರದು. ಅದರಿಂದ ಪರದೆಯ ಮೇಲೆ ಪಟ್ಟೆಗಳು ಹರಿದಾಡುತ್ತವೆ. ಸರಣಿಯಲ್ಲಿ ಒಂದು ರೆಸಿಸ್ಟರ್ ಹಾಕಿದರೆ ಆ ತೊಂದರೆ ಇಲ್ಲ.

ಅಲ್ಲಿಂದ ಮುಂದೆ ಈ ಸಾಧನದ ಜೊತೆ ನನ್ನ ಸಂಬಂಧ ಹಿತವಾಯಿತು. ಕೆಲಸಕ್ಕೆ ಕೂರುವ ಮುನ್ನ ಮೃದುವಾದ ಒಣ ಬಟ್ಟೆಯಿಂದ ಲೆನ್ಸ್ ಒರೆಸುತ್ತೇನೆ, ಏಕೆಂದರೆ ಮದ್ದಿನ ಗ್ರಾಫೈಟ್ ಧೂಳು ತೆಳುವಾಗಿ ಕೂರುತ್ತದೆ. ನಂತರ ತಕ್ಕಡಿಯಲ್ಲಿ ತೂಗಿ ಸರಿಯೆಂದು ಖಚಿತಪಡಿಸಿಕೊಂಡ ಮದ್ದಿನ ಕೇಸೊಂದನ್ನು ಮೂರನೆಯ ಸ್ಟೇಷನ್‌ನಲ್ಲಿಟ್ಟು ಅದರ ಚಿತ್ರ ತೆಗೆದು, ಪರದೆಯ ಎಡ ಮೂಲೆಯಲ್ಲಿ ನಿಲ್ಲಿಸುತ್ತೇನೆ. ಬಲಗಡೆ ಜೀವಂತ ಚಿತ್ರ, ಎಡಗಡೆ ಮಾದರಿ. ಪ್ರತಿ ಎಳೆತದ ಕೊನೆಯಲ್ಲಿ ಕಣ್ಣು ಎರಡನ್ನೂ ಹೋಲಿಸುತ್ತದೆ, ಆಮೇಲೆ ಮಾತ್ರ ಎಡಗೈ ಗುಂಡನ್ನು ಎತ್ತುತ್ತದೆ. ಈ ಚಿಕ್ಕ ನಿಲುಗಡೆ ನನ್ನ ವೇಗವನ್ನು ತುಸು ಕುಗ್ಗಿಸಿದೆ, ಆದರೆ ಕತ್ತು ಬಗ್ಗಿಸಿ ಕೇಸಿನೊಳಗೆ ಇಣುಕುವ ಶ್ರಮ ತಪ್ಪಿದೆ. ಕುಳಿತೇ ಕೆಲಸ ಮಾಡಲು ಸಾಧ್ಯವಾದದ್ದು ನಾನು ನಿರೀಕ್ಷಿಸದ ಲಾಭ. ಪರದೆಯನ್ನು ಪ್ರೆಸ್‌ನ ಹಿಂದೆಯೇ, ಶೆಲ್ ಪ್ಲೇಟ್‌ಗಿಂತ ಸ್ವಲ್ಪ ಎತ್ತರದಲ್ಲಿ ಇಡಬೇಕು. ಪಕ್ಕದಲ್ಲಿಟ್ಟರೆ ಕಣ್ಣು ಕೈಯಿಂದ ದೂರ ಸರಿಯುತ್ತದೆ, ಬೆರಳು ಡೈಗೆ ಸಿಕ್ಕುವ ಅಪಾಯವಿದೆ.

ಕ್ಯಾಮೆರಾವನ್ನು ಮೇಜಿಗಲ್ಲ, ಪ್ರೆಸ್‌ಗೇ ಬಿಗಿಯಬೇಕೆಂಬುದನ್ನೂ ಒತ್ತಿ ಹೇಳುತ್ತೇನೆ. ಹ್ಯಾಂಡಲ್ ಎಳೆದಾಗ ಮೇಜು ಬಾಗುತ್ತದೆ. ಪ್ರೆಸ್‌ಗೆ ಬಿಗಿದ ಕ್ಯಾಮೆರಾ ಪ್ರೆಸ್‌ನ ಜೊತೆಗೇ ಅಲುಗುವುದರಿಂದ ಚಿತ್ರ ಸ್ಥಿರವಾಗಿರುತ್ತದೆ. ತಂತಿಗಳು ಮದ್ದಿನ ಹಾಪರ್ ಮತ್ತು ಪ್ರೈಮರ್ ತಟ್ಟೆಯಿಂದ ದೂರವಿರಲಿ. ವಿದ್ಯುತ್ ಅಡಾಪ್ಟರ್ ಮೇಜಿನ ಕೆಳಗಿರಲಿ.

ಚಿತ್ರ ನೋಡಿ ತಾನಾಗಿಯೇ ಎಚ್ಚರಿಸುವ ತಂತ್ರಾಂಶವನ್ನೂ ಹಾಕಿ ನೋಡಿದೆ. ಬಣ್ಣ ಮಾಸಿದ ಕೇಸ್‌ಗಳಿಗೆಲ್ಲ ಅದು ಕೂಗುತ್ತಿತ್ತು. ಸುಳ್ಳು ಎಚ್ಚರಿಕೆಗೆ ಒಗ್ಗಿದ ಕಿವಿ ನಿಜವಾದುದನ್ನೂ ಕಡೆಗಣಿಸುತ್ತದೆ, ಹಾಗಾಗಿ ತೆಗೆದುಹಾಕಿದೆ. ರೆಕಾರ್ಡಿಂಗ್ ಮಾತ್ರ ಉಳಿಸಿಕೊಂಡಿದ್ದೇನೆ. ಪ್ರೈಮರ್ ಸಿಕ್ಕಿಕೊಂಡು ಹ್ಯಾಂಡಲ್ ಅರ್ಧದಲ್ಲಿ ನಿಂತಾಗ, ಯಾವ ಕೇಸ್ ಎಲ್ಲಿತ್ತು ಎಂಬುದನ್ನು ಹಿಂದಕ್ಕೆ ಓಡಿಸಿ ನೋಡಬಹುದು. ಆದರೂ ಸಂಶಯ ಉಳಿದರೆ ಆ ಕೇಸಿನ ಮದ್ದನ್ನು ಹೊರಗೆ ಸುರಿಯುವುದೇ ಸರಿ. ದೃಶ್ಯ ಎಷ್ಟು ಸ್ಪಷ್ಟವಾಗಿದ್ದರೂ ಅದರ ಭರವಸೆಯಲ್ಲಿ ಗುಂಡು ಕೂರಿಸಬಾರದು.

ಕ್ಯಾಮೆರಾ ತೂಕ ಹೇಳುವುದಿಲ್ಲ. ಮದ್ದನ್ನು ತೂಗುವ ಅಳತೆಯಾದ ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಅದರ ಹತ್ತನೆಯ ಒಂದು ಭಾಗದ ವ್ಯತ್ಯಾಸ ಯಾವ ಪರದೆಯಲ್ಲೂ ಕಾಣದು. ಇಲ್ಲದ ಮದ್ದು, ಎರಡು ಪಟ್ಟು ಮದ್ದು, ಅರ್ಧಕ್ಕೆ ನಿಂತ ಮದ್ದು, ಇವಷ್ಟೇ ಅದರ ವ್ಯಾಪ್ತಿ. ನಡುನಡುವೆ ಕೇಸ್ ತೆಗೆದು ತೂಗುವುದನ್ನು ನಾನು ನಿಲ್ಲಿಸಿಲ್ಲ. ಆದ್ದರಿಂದ ಕೈಯಲ್ಲಿ ಹಣ ಕಡಿಮೆ ಇರುವವರು ಮೊದಲು ನಂಬಬಹುದಾದ ತಕ್ಕಡಿಯನ್ನೂ ತೂಕದ ಬಟ್ಟುಗಳನ್ನೂ ಕೊಳ್ಳಲಿ. ಸಿಂಗಲ್ ಸ್ಟೇಜ್ ಪ್ರೆಸ್ (ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಪ್ರೆಸ್) ಬಳಸುವವರಿಗೆ ಇದರ ಅಗತ್ಯವೇ ಇಲ್ಲ. ಮದ್ದು ತುಂಬಿದ ಕೇಸ್‌ಗಳನ್ನೆಲ್ಲ ಲೋಡಿಂಗ್ ಬ್ಲಾಕ್‌ನಲ್ಲಿ (ಕೇಸ್ ನಿಲ್ಲಿಸುವ ಗುಳಿಗಳ ಹಲಗೆಯಲ್ಲಿ) ಸಾಲಾಗಿ ನಿಲ್ಲಿಸಿ, ಮೇಲಿನಿಂದ ಟಾರ್ಚ್ ಹಿಡಿದು ನೋಡಿದರೆ ಹೆಚ್ಚುಕಡಿಮೆ ಇರುವುದು ತಾನೇ ಎದ್ದು ಕಾಣುತ್ತದೆ.