ಓರೆ ಬಾಗಿಲಲ್ಲಿ ಮರದ ನೆಲ ಮುಗಿಯುವ ಜಾಗ: ಟಿ ಪಟ್ಟಿ, ಕಾರ್ಕ್, ಗ್ರಾನೈಟ್

30x40 ಸೈಟಿನ ಮನೆಗಳಲ್ಲಿ ಎರಡು ರೂಮು ಒಂದೇ ಮೂಲೆಗೆ ಬಂದರೆ ಗೋಡೆಯ ಮೂಲೆ ಮುರಿದು ಬಾಗಿಲನ್ನು ಓರೆಯಾಗಿ ಇಟ್ಟುಬಿಡುತ್ತಾರೆ. ಜಾಗ ಉಳಿಯುತ್ತದೆ, ನೋಡಲೂ ಚೆನ್ನ. ಎರಡೂ ಕಡೆ ಒಂದೇ ಟೈಲ್ಸ್ ಇರುವಷ್ಟು ದಿನ ಈ ಓರೆಯ ನೆನಪೂ ಆಗುವುದಿಲ್ಲ. ಒಂದು ಕಡೆ ಮರ ಹಾಸಿದಾಗಲೇ ಅದರ ಗುಣ ಗೊತ್ತಾಗುವುದು.

ನಮ್ಮದು ಮೈಸೂರಿನ ಹಳೇ ಮನೆ. ಹಾಲ್‌ನಲ್ಲಿ ಮೊಸಾಯಿಕ್ ಮೇಲೆಯೇ ವಿಟ್ರಿಫೈಡ್ ಟೈಲ್ಸ್ ಅಂಟಿಸಿದೆವು, ಗಮ್ ಸೇರಿ ಸುಮಾರು 15 ಮಿ.ಮೀ. ಏರಿತು. ರೂಮುಗಳಿಗೆ 14 ಮಿ.ಮೀ. ಎಂಜಿನಿಯರ್ಡ್ ಓಕ್ (ಪ್ಲೈವುಡ್ ಪದರದ ಮೇಲೆ ಓಕ್ ಅಂಟಿಸಿದ ಹಲಗೆ), ಅಡಿಗೆ 2 ಮಿ.ಮೀ. ಫೋಮ್. ಎರಡೂ ನೆಲಕ್ಕೆ ಹೆಚ್ಚುಕಡಿಮೆ ಒಂದೇ ಮಟ್ಟ ಸಿಕ್ಕಿತು. ಹಾಗಾಗಿ ಬಾಗಿಲಿಗೊಂದು ಬಗೆ ಮಾಡಿ ನೋಡುವ ಧೈರ್ಯ ಬಂತು.

ಓರೆ ಬಾಗಿಲಲ್ಲಿ ಎರಡು ನೆಲ ಸೇರುವ ಸಂದಿಗೆ ಪಟ್ಟಿ ಕೂರಿಸುವುದು ಕಷ್ಟವಲ್ಲ. ಪಟ್ಟಿ ಬಾಗಿಲ ಚೌಕಟ್ಟಿನ ಗುಂಟವೇ ಹೋಗುತ್ತದೆ, ಅದರ ತುದಿ ನೇರವಾಗಿಯೇ ಕೊಯ್ಯುವುದು. ಕಷ್ಟ ಇರುವುದು ಹಲಗೆಯದು. 127 ಮಿ.ಮೀ. ಅಗಲದ ಹಲಗೆಯನ್ನು 45 ಡಿಗ್ರಿಗೆ ಕೊಯ್ದರೆ ಕೊಯ್ದ ಅಂಚು ಸುಮಾರು 180 ಮಿ.ಮೀ. ಆಗುತ್ತದೆ. ಒಂದು ಕೊನೆಯಲ್ಲಿ ಚೂಪು ಮೂತಿ ಉಳಿಯುತ್ತದೆ, ಕಾಲು ತಾಗಿದರೆ ಚಕ್ಕೆ ಏಳುವುದು ಅಲ್ಲಿಂದಲೇ. ಸಾಲದ್ದಕ್ಕೆ ಮರ ನೀರು ಕುಡಿಯುವುದೆಲ್ಲ ಹೆಚ್ಚಾಗಿ ಅಡ್ಡ ಕೊಯ್ದ ಕಡೆಯಿಂದ. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ನೇರ ಬಾಗಿಲಿಗೆ ಉದ್ದುದ್ದ ಬರುವ ಹಲಗೆ ಪಟ್ಟಿಯನ್ನು ತಳ್ಳುವುದು ಕಡಿಮೆ. ಓರೆಯಲ್ಲಿ ಅಗಲದ ಹಿಗ್ಗೂ ಪಟ್ಟಿಯ ಮೇಲೆ ಬೀಳುತ್ತದೆ. ಪ್ಲೈವುಡ್ ಪದರವಿರುವ ಎಂಜಿನಿಯರ್ಡ್ ಹಲಗೆಗೆ ಇದು ಕಮ್ಮಿ, ಗಟ್ಟಿ ತೇಗಕ್ಕೆ ಜಾಸ್ತಿ. ಆದ್ದರಿಂದ 10 ಮಿ.ಮೀ. ಸಂದು ಬಿಡಬೇಕು, ಅದನ್ನು ಪಟ್ಟಿಗೆ ಲಂಬವಾಗಿ ಅಳೆಯಬೇಕು. ಹಲಗೆಯ ಉದ್ದಕ್ಕೆ ಅಳೆದು 10 ಬಿಟ್ಟರೆ ನಿಜವಾಗಿ ಸಿಗುವುದು 7.

ಮೊದಲ ಬಾಗಿಲಿಗೆ ಅಲ್ಯೂಮಿನಿಯಂ ಟಿ ಪಟ್ಟಿ. ಇಂಗ್ಲಿಷ್ T ಆಕಾರದ್ದು: ಕಾಲು ಸಂದಿಯೊಳಗೆ, ಎರಡು ರೆಕ್ಕೆ ಎರಡು ಕಡೆಯ ನೆಲದ ಮೇಲೆ. "ಸಾರ್, ಪಟ್ಟಿ ಹೊಡ್ದುಬಿಟ್ರೆ ಒಳಗೇನಿದ್ರೂ ಯಾರಿಗೂ ಕಾಣಲ್ಲ" ಅಂದರು ಕಾರ್ಪೆಂಟರ್. ನಿಜ, ಅದರ ದೊಡ್ಡ ಗುಣವೇ ಅದು. ಕೊಯ್ತ ಸ್ವಲ್ಪ ಸೊಟ್ಟಗಿದ್ದರೂ, ಮೂತಿ ಮುರಿದಿದ್ದರೂ ಮುಚ್ಚಿಕೊಳ್ಳುತ್ತದೆ. ಆದರೆ ನೆಲದ ಮೇಲೆ ಏಳುತ್ತದೆ. ನೇರ ಬಾಗಿಲಲ್ಲಿ ಕಾಲು ಅದನ್ನು ಒಂದೇ ಹೆಜ್ಜೆಗೆ ದಾಟಿಬಿಡುತ್ತದೆ. ಓರೆ ಬಾಗಿಲಿಗೆ ನಾವು ಗೋಡೆಯ ಪಕ್ಕದಿಂದ ತಿರುಗಿಕೊಂಡು ಬರುವುದರಿಂದ ಕಿರುಬೆರಳು ಸಿಕ್ಕಿಕೊಳ್ಳುತ್ತದೆ. ಅಂಚಿನಲ್ಲಿ ಕಸಬರಿಕೆಗೆ ಸಿಗದ ಧೂಳು ಬೇರೆ. ಪಟ್ಟಿಯ ಕಾಲಿಗಷ್ಟೇ ಸಿಲಿಕೋನ್ ಹಚ್ಚಿ ಅದನ್ನು ಕೆಳಗಿನ ನೆಲಕ್ಕೆ ಅಂಟಿಸಬೇಕು. ಎರಡೂ ರೆಕ್ಕೆಗೆ ಬಳಿದರೆ ಬಿಟ್ಟ ಸಂದಿಗೆ ಅರ್ಥವೇ ಇಲ್ಲ.

ತೇಗದಲ್ಲಿ ಅದೇ ಟಿ ಮಾಡಿಸಿದ್ದೂ ಇದೆ. ಬಣ್ಣ ಹೊಂದುತ್ತದೆ, ಪಾದಕ್ಕೆ ತಣ್ಣಗೆ ತಾಗುವುದಿಲ್ಲ. ಆದರೆ ರೆಕ್ಕೆ ತೆಳ್ಳಗೆ ಮಾಡಿಸಿದರೆ ಸೀಳುತ್ತದೆ, ದಪ್ಪ ಮಾಡಿಸಿದರೆ ಹೊಸಿಲಿನಷ್ಟು ಎತ್ತರವಾಗುತ್ತದೆ. ಅದರ ಕಥೆ ಅಷ್ಟೇ.

ಕಾರ್ಕ್ ಪಟ್ಟಿಯ ಮೇಲೆ ನನಗೆ ಬಹಳ ಆಸೆಯಿತ್ತು. ಟೈಲ್ಸ್ ಮತ್ತು ಮರದ ನಡುವೆ 10 ಮಿ.ಮೀ. ಕಾರ್ಕ್ ತುರುಕಿದರೆ ಮರ ಹಿಗ್ಗಿದಾಗ ಅದು ಕುಗ್ಗಿ, ಮರ ಕುಗ್ಗಿದಾಗ ತಾನು ಹಿಗ್ಗುತ್ತದೆ. ಕಾಲಿಗೆ ಏನೂ ತಾಗುವುದಿಲ್ಲ. ಆದರೆ ಇಲ್ಲಿ ಮುಚ್ಚಿಡಲು ಏನೂ ಇಲ್ಲ. ಹಲಗೆಗಳನ್ನು ಒಂದೊಂದಾಗಿ ಕೊಯ್ದು ಜೋಡಿಸಿದರೆ ಗೆರೆ ಖಂಡಿತ ಹಲ್ಲುಹಲ್ಲಾಗುತ್ತದೆ. ಎಲ್ಲವನ್ನೂ ಗೆರೆ ದಾಟಿ ಉದ್ದಕ್ಕೆ ಬಿಟ್ಟು ಹಾಸಿಸಿದೆ. ಚೌಕಟ್ಟಿನ ಬುಡವನ್ನು ಹಲಗೆ ದಪ್ಪಕ್ಕೆ ಕೊಯ್ದು ಹಲಗೆ ಒಳಗೆ ತೂರಿಸಿದೆವು. ಆಮೇಲೆ ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಹಾಕಿ, ಅಲ್ಯೂಮಿನಿಯಂ ಪಟ್ಟಿಯನ್ನು ಆಸರೆಗಿಟ್ಟು, ಸಣ್ಣ ಹಲ್ಲಿನ ಬ್ಲೇಡಿನಿಂದ ಒಂದೇ ಓಟಕ್ಕೆ ಕೊಯ್ತ. ಚೌಕಟ್ಟಿನ ಪಕ್ಕ ಯಂತ್ರ ಮುಟ್ಟದ ಜಾಗಕ್ಕೆ ಉಳಿಯೇ ಗತಿ. ಕೊಯ್ದ ಅಂಚಿಗೆ ಎರಡು ಕೋಟ್ ಪಿಯು (ಪಾಲಿಯುರೆಥೇನ್) ವಾರ್ನಿಷ್ ಬಳಿಯದೆ ಕಾರ್ಕ್ ಕೂರಿಸಬೇಡಿ. ಕಣ್ಣಿಗಂತೂ ಇದಕ್ಕೆ ಸಾಟಿಯಿಲ್ಲ. ಆದರೆ ನಮ್ಮ ಮನೆಗಳಲ್ಲಿ ಹಾಲ್ ಒರೆಸುವ ಮಾಪ್‌ನ ನೀರು ಬಾಗಿಲಲ್ಲೇ ಬಂದು ನಿಲ್ಲುತ್ತದೆ, ಕಾರ್ಕ್‌ನ ಬಣ್ಣ ಬೇಗ ಮಾಸುತ್ತದೆ.

ಗ್ರಾನೈಟ್ ಹೊಸಿಲು ಹೊಳೆದದ್ದು ಬಾತ್‌ರೂಮ್ ಬಾಗಿಲು ನೋಡಿ. ಅಲ್ಲಿ ಎಲ್ಲರೂ ಹಾಕಿಸುತ್ತಾರೆ, ರೂಮಿಗೆ ಮಾತ್ರ ಯಾಕೋ ಹಾಕಿಸುವುದಿಲ್ಲ. ಚಾಮರಾಜನಗರದ ಕಡೆಯ ಕಪ್ಪು ಕಲ್ಲು ನಮಗೆ ದೂರವೂ ಅಲ್ಲ. ಗೋಡೆಯ ದಪ್ಪದಷ್ಟೇ ಅಗಲದ ತುಂಡನ್ನು ಎರಡೂ ನೆಲದ ಮಟ್ಟಕ್ಕೆ ಇಳಿಸಿ ಕೂರಿಸಿದೆವು; ಅದಕ್ಕೆ ಅಡಿಯ ಮೊಸಾಯಿಕ್ ಕೆತ್ತಬೇಕಾಯಿತು, ಧೂಳೋ ಧೂಳು. ಟೈಲ್ಸ್ ಕಡೆ ಮಾಮೂಲಿ ಗ್ರೌಟ್, ಮರದ ಕಡೆ ಮಾತ್ರ ಕಾರ್ಕ್. ಒದ್ದೆಯೆಲ್ಲ ಕಲ್ಲಿನ ಮೇಲೆಯೇ ನಿಲ್ಲುತ್ತದೆ, ಮರದ ತನಕ ಬರುವುದಿಲ್ಲ. ಎರಡು ನೆಲದ ನಡುವೆ ಅಗಲವಾದ ಕಪ್ಪು ಗಡಿ ಇರುವುದರಿಂದ ಓರೆ ಕೊಯ್ತವೂ ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ. ಹಾಲ್‌ಗೂ ರೂಮಿಗೂ ನಡುವೆ ನನ್ನ ಓಟು ಇದಕ್ಕೇ. ಕೆತ್ತನೆ ಬೇಡ ಅನ್ನುವವರು, ಬಾಡಿಗೆ ಮನೆಯವರು ಟಿ ಪಟ್ಟಿಗೇ ಹೋಗಿ, ನಷ್ಟವಿಲ್ಲ. ಕಾರ್ಕ್ ಒಂದೇ ಸಾಕು ಅನ್ನುವುದಾದರೆ ನೀರು ಬಾರದ ಬಾಗಿಲು ಆರಿಸಿಕೊಳ್ಳಿ, ರೂಮಿನಿಂದ ಸ್ಟಡಿಗೆ ಹೋಗುವಂಥದ್ದು.

ಹಾಲ್‌ನ ಟೈಲ್ಸ್ ಬದಲಿಸದೆ ರೂಮಿಗೆ ಮಾತ್ರ ಮರ ಹಾಕಿಸುವವರಿಗೆ ಈ ಮೂರೂ ಹೊಂದುವುದಿಲ್ಲ. ಮರದಿಂದ ಟೈಲ್ಸ್‌ಗೆ 16 ಮಿ.ಮೀ. ಇಳಿತ ಇದ್ದರೆ ಇಳಿಜಾರು ಪಟ್ಟಿ, ಅಂದರೆ ರೆಡ್ಯೂಸರ್ ಬೇಕು, ಅದು ಅಗಲವಾಗಿದ್ದಷ್ಟೂ ಒಳ್ಳೆಯದು. ಏರಿದ ನೆಲಕ್ಕೆ ತಾಗದಂತೆ ಬಾಗಿಲ ಅಡಿ ತೋಪ್ಡಾ ಹಿಡಿಸಿ ಕೀಸಿಸುವ ಖರ್ಚನ್ನೂ ಮೊದಲೇ ಕೇಳಿ ಇಟ್ಟುಕೊಳ್ಳಿ.