ಹೊಸ ಪ್ಯಾಡ್, ಹೊಸ ಡಿಸ್ಕ್, ಆದರೂ ಕೀರಲು ಸದ್ದು: ನಾಲ್ಕು ಉಪಾಯಗಳ ಹೋಲಿಕೆ

ನಮ್ಮ ಹ್ಯಾಚ್‌ಬ್ಯಾಕ್ ಕಾರಿನ ಮುಂದಿನ ಚಕ್ರಗಳಿಗೆ ಬ್ರೇಕ್ ಪ್ಯಾಡ್ ಮತ್ತು ಅದು ಒತ್ತಿ ಹಿಡಿಯುವ ಡಿಸ್ಕ್ ಎರಡನ್ನೂ ಹೊಸದಾಗಿ ಹಾಕಿಸಿದ ಮೇಲೆ, ಸಿಗ್ನಲ್ ಹತ್ತಿರ ಮೆಲ್ಲಗೆ ಬ್ರೇಕ್ ಒತ್ತಿದಾಗಲೆಲ್ಲ ಕಿವಿ ಚುಚ್ಚುವಂಥ ಕೀರಲು ಸದ್ದು ಶುರುವಾಯಿತು. ಬಲವಾಗಿ ಒತ್ತಿದರೆ ಸದ್ದಿಲ್ಲ, ಕಾಲು ತೆಗೆದರೂ ಸದ್ದಿಲ್ಲ. ಓಡಿಸುತ್ತಾ ಹೋದರೆ ಪ್ಯಾಡ್ ತಾನಾಗಿ ಸೆಟ್ ಆಗುತ್ತದೆ ಎಂದರು ಕೆಲವರು. ಗ್ರೀಸ್ ಹಚ್ಚಬೇಕು, ಪ್ಯಾಡಿನ ಅಂಚನ್ನು ಅರದಿಂದ ಉಜ್ಜಬೇಕು, ಸೆರಾಮಿಕ್ ಪ್ಯಾಡ್ ಹಾಕಬೇಕು ಎಂದು ಉಳಿದವರು ಒಬ್ಬೊಬ್ಬರು ಒಂದೊಂದು ಹೇಳಿದರು. ನಾಲ್ಕನ್ನೂ ಇದೇ ಕಾರಿನಲ್ಲಿ ಮಾಡಿ ನೋಡಿದ್ದರಿಂದ ಅವುಗಳ ನಡುವಿನ ವ್ಯತ್ಯಾಸವನ್ನು ಬರೆಯುತ್ತಿದ್ದೇನೆ.

ಉಪಾಯ ಹುಡುಕುವ ಮೊದಲು ಸದ್ದು ಯಾವಾಗ ಬರುತ್ತದೆ ಎಂಬುದನ್ನು ಗಮನಿಸಲೇಬೇಕು, ಏಕೆಂದರೆ ಈ ನಾಲ್ಕು ಉಪಾಯಗಳಿಗೆ ಸಂಬಂಧವೇ ಇಲ್ಲದ ಸದ್ದುಗಳೂ ಇವೆ. ಬ್ರೇಕ್ ಒತ್ತದಿದ್ದಾಗಲೂ ಚಕ್ರ ತಿರುಗಿದಷ್ಟು ಹೊತ್ತು ಕೆರೆಯುವ ಸದ್ದು ಬರುತ್ತಿದ್ದರೆ, ಕೆಲಸ ಮಾಡುವಾಗ ಬಗ್ಗಿದ, ಡಿಸ್ಕಿನ ಹಿಂದೆ ಧೂಳು ತಡೆಯುವ ತಗಡೋ, ಪ್ಯಾಡ್ ಸವೆದದ್ದನ್ನು ತಿಳಿಸುವ ಪುಟ್ಟ ಲೋಹದ ನಾಲಿಗೆಯೋ ಡಿಸ್ಕಿಗೆ ತಾಗುತ್ತಿರಬಹುದು. ಅದನ್ನು ಬಗ್ಗಿಸಿ ಸರಿಪಡಿಸಿದರೆ ಸಾಕು. ಬ್ರೇಕ್ ಒತ್ತಿದಾಗ ಪೆಡಲ್ ಅಥವಾ ಸ್ಟೇರಿಂಗ್ ನಡುಗಿದರೆ ಅನುಮಾನ ಡಿಸ್ಕಿನ ಓಲಾಟದ ಮೇಲೆ ಹೋಗಬೇಕು. ಡಿಸ್ಕ್ ಕೂರುವ ಚಕ್ರದ ನಡುಭಾಗವಾದ ಹಬ್‌ನ ಮೇಲಿನ ತುಕ್ಕನ್ನು ವೈರ್ ಬ್ರಷ್‌ನಿಂದ ತೆಗೆಯದೆ ಹೊಸ ಡಿಸ್ಕ್ ಕೂರಿಸಿದರೆ ಅದು ಸ್ವಲ್ಪ ಓರೆಯಾಗಿ ನಿಲ್ಲುತ್ತದೆ, ಮತ್ತು ಅನೇಕ ಕಾರುಗಳಲ್ಲಿ ಈ ಓಲಾಟಕ್ಕೆ ಇರುವ ಮಿತಿ 0.05ರಿಂದ 0.1 ಮಿಲಿಮೀಟರ್ ಮಾತ್ರ. ಮಳೆಯ ರಾತ್ರಿಯ ಮರುದಿನ ಬೆಳಿಗ್ಗೆ ಮೊದಲ ಕೆಲವು ಬ್ರೇಕಿಗೆ ಮಾತ್ರ ಬರುವ ಸದ್ದು ಡಿಸ್ಕಿನ ಮೇಲ್ಮೈಯ ತೆಳು ತುಕ್ಕಿನದು. ಅದಕ್ಕೆ ಏನೂ ಮಾಡಬೇಕಾಗಿಲ್ಲ.

ನಮ್ಮ ಕಾರಿನದು ಇವು ಯಾವುವೂ ಅಲ್ಲ, ನಿಜವಾದ ಕೀರಲು. ಪ್ಯಾಡ್ ಡಿಸ್ಕಿನ ಮೇಲೆ ಒಂದೇ ಸಮನೆ ಉಜ್ಜದೆ ಸೆಕೆಂಡಿಗೆ ಸಾವಿರಾರು ಸಲ ನಡುಗುತ್ತದೆ, ಡಿಸ್ಕ್ ಆ ನಡುಕಕ್ಕೆ ಗಂಟೆಯಂತೆ ದನಿಗೂಡಿಸುತ್ತದೆ. ಹಾಗಾಗಿ ಯಾವ ಉಪಾಯವಾದರೂ ಉಜ್ಜುವಿಕೆಯನ್ನು ಸಮ ಮಾಡಬೇಕು, ಇಲ್ಲವೇ ಹುಟ್ಟಿದ ನಡುಕವನ್ನು ಅಡಗಿಸಬೇಕು.

ಮೊದಲು ಮಾಡಿದ್ದು ಖರ್ಚಿಲ್ಲದ ಉಪಾಯ, ಅಂದರೆ ಪ್ಯಾಡಿನ ತೆಳು ಪದರ ಡಿಸ್ಕಿಗೆ ಸಮವಾಗಿ ಹತ್ತುವಂತೆ ಕಾವೇರಿಸಿ ಪ್ಯಾಡನ್ನು ಕ್ರಮವಾಗಿ ಪಳಗಿಸುವುದು. ಹೊಸ ಡಿಸ್ಕಿಗೆ ಬಳಿದಿರುವ ತುಕ್ಕುನಿರೋಧಕ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಪೂರ್ತಿ ಒರೆಸಿದ ಮೇಲೆ, ಭಾನುವಾರ ನಸುಕಿನಲ್ಲಿ ಹಿಂದೆ ಮುಂದೆ ವಾಹನವಿಲ್ಲದ ನೇರ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಿಂದ 10ಕ್ಕೆ ಇಳಿಯುವಷ್ಟು ಹದವಾಗಿ ಬ್ರೇಕ್ ಒತ್ತುವುದನ್ನು ಮತ್ತೆ ಮತ್ತೆ ಮಾಡಿ, ಕೊನೆಗೆ ಬ್ರೇಕ್ ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ಆರಲು ಬಿಟ್ಟೆ. ನಡುವೆ ಎಲ್ಲಿಯೂ ಪೂರ್ತಿ ನಿಲ್ಲಿಸಬಾರದು, ಏಕೆಂದರೆ ಬಿಸಿಯಾದ ಪ್ಯಾಡ್ ಒಂದೇ ಜಾಗದಲ್ಲಿ ಒತ್ತಿಕೊಂಡು ನಿಂತರೆ ಡಿಸ್ಕಿನ ಮೇಲೆ ಅದರ ಅಚ್ಚು ಉಳಿಯುತ್ತದೆ. ಬ್ರೇಕಿನ ಹಿಡಿತ ಅಂದೇ ಸುಧಾರಿಸಿತು, ಒತ್ತಿದಷ್ಟಕ್ಕೆ ಸರಿಯಾಗಿ ಕಾರು ನಿಲ್ಲತೊಡಗಿತು. ಸದ್ದು ಮಾತ್ರ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಸುಮ್ಮನೆ ಊರೊಳಗೆ ಓಡಿಸುತ್ತಾ ಹೋದರೆ ಪ್ಯಾಡ್ ಸೆಟ್ ಆಗುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ ದಟ್ಟಣೆಯಲ್ಲಿ ಅಷ್ಟು ಕಾವೇ ಏರುವುದಿಲ್ಲ.

ಎರಡನೆಯ ಉಪಾಯಕ್ಕೆ ಚಕ್ರ ಬಿಚ್ಚಿದಾಗ ರೋಗದ ಮೂಲ ಕಂಡಿತು. ಕೆಲಸ ಮಾಡಿದ ಗ್ಯಾರೇಜಿನವರು ಪ್ಯಾಡಿನ ಕಿವಿಗಳು ಕೂರುವ ಸ್ಟೀಲ್ ಕ್ಲಿಪ್‌ಗಳನ್ನು ಹಳೆಯವನ್ನೇ ಉಳಿಸಿದ್ದರು, ಅವುಗಳ ಬಿಗಿ ಹೋಗಿತ್ತು. ಪ್ಯಾಡಿನ ಬೆನ್ನಿಗೆ ಇರಬೇಕಾದ ಶಿಮ್ ಎಂಬ ರಬ್ಬರ್ ಲೇಪದ ತೆಳು ತಗಡನ್ನು ಹಾಕಿರಲೇ ಇಲ್ಲ. ಆಗ ಎರಡೂ ಚಕ್ರಗಳಿಗೆ ಒಂದೇ ಚಿಕಿತ್ಸೆ ಕೊಡದೆ ಬೇರೆ ಬೇರೆ ಮಾಡಿದೆ. ಎಡಗಡೆ ಹಳೆಯ ಕ್ಲಿಪ್‌ಗಳನ್ನೇ ತಿಕ್ಕಿ, ಕಿವಿಗಳಿಗೂ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ತಾಗುವ ಬೆನ್ನಿನ ಜಾಗಕ್ಕೂ ಬ್ರೇಕಿಗೆಂದೇ ಮಾಡಿದ ಸೆರಾಮಿಕ್ ಗ್ರೀಸನ್ನು ತೆಳುವಾಗಿ ಹಚ್ಚಿದೆ. ಬಲಗಡೆ ಜೆ.ಸಿ. ರಸ್ತೆಯಿಂದ ತಂದ ಹೊಸ ಕ್ಲಿಪ್ ಮತ್ತು ಶಿಮ್ ಹಾಕಿ, ಅದೇ ಗ್ರೀಸನ್ನು ಅಷ್ಟೇ ಹಚ್ಚಿದೆ. ಎರಡೂ ಕಡೆ ಒಂದೇ ಜಾತಿಯ ಪ್ಯಾಡ್ ಇದ್ದುದರಿಂದ ಇದರಲ್ಲಿ ಅಪಾಯವಿರಲಿಲ್ಲ. ಒಂದೇ ಆಕ್ಸಲ್‌ನ ಎರಡು ಬದಿಗೆ ಬೇರೆ ಬೇರೆ ಜಾತಿಯ ಪ್ಯಾಡ್ ಹಾಕಿ ಪರೀಕ್ಷಿಸುವುದನ್ನು ಯಾರೂ ಮಾಡಬಾರದು, ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.

ಯಾವ ಚಕ್ರ ಕೀರುತ್ತಿದೆ ಎಂದು ತಿಳಿಯಲು ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಕಿಟಕಿ ಇಳಿಸಿ ನಿಧಾನವಾಗಿ ಬ್ರೇಕ್ ಒತ್ತಬೇಕು; ಆಮೇಲೆ ತಿರುಗಿ ಬಂದು ಇನ್ನೊಂದು ಬದಿಯನ್ನು ಗೋಡೆಗೆ ಒಡ್ಡಿದರೆ, ಪ್ರತಿಧ್ವನಿ ಯಾವ ಕಡೆಯಿಂದ ಜೋರಾಗಿದೆ ಎಂಬುದು ಸ್ಪಷ್ಟವಾಗುತ್ತದೆ. ಮೊದಲಿಗೆ ಎರಡೂ ಬದಿ ಮೌನವಾಗಿದ್ದವು. ಮಳೆಗಾಲ ಹಿಡಿದು, ನೀರು ನಿಂತ ರಸ್ತೆಗಳಲ್ಲಿ ಓಡಾಡಿದ ಮೇಲೆ ಎಡಗಡೆಯ ಸದ್ದು ಮರಳಿತು, ಬಲಗಡೆ ಮರಳಲಿಲ್ಲ. ಗ್ರೀಸ್ ಒಂದರಿಂದಲೇ ಆಗುವ ಉಪಶಮನ ಅದು ಇರುವಷ್ಟು ಕಾಲ ಮಾತ್ರ. ಪ್ಯಾಡನ್ನು ಅಲುಗದಂತೆ ಹಿಡಿಯುವುದು ಕ್ಲಿಪ್, ನಡುಕವನ್ನು ನುಂಗುವುದು ಶಿಮ್. ಗ್ರೀಸ್ ಯಾವುದು ಎಂಬುದೂ ಮುಖ್ಯ. ಗ್ಯಾರೇಜುಗಳಲ್ಲಿ ಎಲ್ಲದಕ್ಕೂ ಬಳಸುವ ಪೆಟ್ರೋಲಿಯಂ ಮೂಲದ ಗ್ರೀಸ್ ತಾಗಿದರೆ ಪ್ಯಾಡ್ ಮತ್ತು ಪಿಸ್ಟನ್ ಇರುವ ಕ್ಯಾಲಿಪರ್‌ನ ರಬ್ಬರ್ ಸೀಲ್‌ಗಳು ಉಬ್ಬಿ ಕೆಡುತ್ತವೆ, ಮತ್ತು ಯಾವ ಗ್ರೀಸೇ ಆಗಲಿ ಉಜ್ಜುವ ಮೇಲ್ಮೈಗೆ ಚೂರೂ ತಾಗಬಾರದು.

ಮೂರನೆಯ ಉಪಾಯವಾದ ಅಂಚು ಉಜ್ಜುವುದನ್ನು ಸದ್ದು ಮರಳಿದ ಎಡಗಡೆ ಮಾತ್ರ ಮಾಡಿದೆ. ಪ್ಯಾಡಿನ ಎರಡೂ ತುದಿಗಳನ್ನು ಅರದಿಂದ ಓರೆಯಾಗಿ ಇಳಿಸಿದರೆ ಚೂಪು ಅಂಚು ಡಿಸ್ಕಿಗೆ ಕಚ್ಚುವುದು ತಪ್ಪುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ಸದ್ದಿನ ಸ್ವರ ಇಳಿಯಿತು, ಸದ್ದು ಉಳಿಯಿತು. ಅಂಚು ಕಡಿದಾಗಿರುವ ಅಗ್ಗದ ಪ್ಯಾಡ್‌ಗಳಿಗೆ ಇದು ಹೆಚ್ಚು ಉಪಯೋಗವಾದೀತು. ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮುಖಗವಸು ಹಾಕಿಕೊಂಡು, ಪ್ಯಾಡಿಗೆ ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಮಾಡಿಯೇ ಉಜ್ಜಬೇಕು, ಧೂಳನ್ನು ಗಾಳಿಯಿಂದ ಊದಿಸಬಾರದು. ಕೊನೆಗೆ ಎಡಗಡೆಗೂ ಹೊಸ ಕ್ಲಿಪ್ ಮತ್ತು ಶಿಮ್ ಹಾಕಿದಾಗಲೇ ಅದು ಸುಮ್ಮನಾದದ್ದು.

ಸೆರಾಮಿಕ್ ಪ್ಯಾಡ್‌ಗಳನ್ನು ಹೋಲಿಕೆಗೆಂದೇ, ಎರಡೂ ಬದಿಗೆ, ಡಿಸ್ಕನ್ನು ಮರಳುಕಾಗದದಿಂದ ಉಜ್ಜಿ ಹಳೆಯ ಪ್ಯಾಡಿನ ಪದರ ತೆಗೆದು ಹಾಕಿದೆ. ಮೌನದಲ್ಲಿ ಅವುಗಳಿಗೆ ಸಾಟಿಯಿಲ್ಲ, ಅಲಾಯ್ ಚಕ್ರಗಳ ಮೇಲೆ ಕಪ್ಪು ಧೂಳು ಕೂರುವುದೂ ಬಹಳ ಕಡಿಮೆಯಾಯಿತು. ಆದರೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ, ತುಂಬಿದ ಕಾರಿನಲ್ಲಿ, ತಿರುವಿನ ಮೇಲೆ ತಿರುವು ಬಂದಂತೆ ಪೆಡಲನ್ನು ಇನ್ನಷ್ಟು ಒತ್ತಬೇಕು ಅನ್ನಿಸತೊಡಗಿತು. ಮೊದಲಿದ್ದ ಸೆಮಿ-ಮೆಟಾಲಿಕ್ ಪ್ಯಾಡ್‌ಗಳಲ್ಲಿ, ಅದೇ ಇಳಿಜಾರಿನಲ್ಲಿ, ಅದೇ ಎರಡನೇ ಗೇರಿನಲ್ಲಿ ನನಗೆ ಹಾಗೆ ಅನ್ನಿಸಿರಲಿಲ್ಲ. ಲೋಹದ ಅಂಶ ಹೆಚ್ಚಿರುವ ಪ್ಯಾಡ್ ಕಾವನ್ನು ಚೆನ್ನಾಗಿ ತಾಳುತ್ತದೆ, ಅದಕ್ಕೆ ತೆರುವ ಬೆಲೆ ಒಂದಿಷ್ಟು ಸದ್ದು ಮತ್ತು ಧೂಳು. ಊರೊಳಗಷ್ಟೇ ಓಡುವ ಕಾರಿಗೆ ನಾನು ಸೆರಾಮಿಕ್ ಪ್ಯಾಡನ್ನೇ ಹೇಳುತ್ತೇನೆ. ನಮ್ಮ ಕಾರು ವರ್ಷಕ್ಕೆ ಹಲವು ಬಾರಿ ಘಟ್ಟ ಇಳಿಯುವುದರಿಂದ ಹಳೆಯ ಸೆಮಿ-ಮೆಟಾಲಿಕ್ ಪ್ಯಾಡ್‌ಗಳನ್ನೇ, ಹೊಸ ಕ್ಲಿಪ್ ಮತ್ತು ಶಿಮ್‌ಗಳೊಂದಿಗೆ, ಮರಳಿ ಹಾಕಿ ಮತ್ತೊಮ್ಮೆ ಪಳಗಿಸಿದ್ದೇನೆ. ಈಗ ಒದ್ದೆ ಬೆಳಗಿನ ಆ ಒಂದೆರಡು ಬ್ರೇಕ್ ಬಿಟ್ಟರೆ ಸದ್ದಿಲ್ಲ.